ಹೊಲದ ಕಲ್ಲುಗಳಲ್ಲಿ ಚರಿತ್ರೆ ಓದಿದ ಬ್ರೂಸ್ ಫೂಟ್

ಹೊಲದಲ್ಲಿ ಹೂತಿರುವ ಹಳೆಯ ವಸ್ತುವೆಂದೊಡನೆ ಜನರ ಕಣ್ಣ ಮುಂದೆ ಬರುವುದು ಹೊನ್ನು ತುಂಬಿದ ಕೊಪ್ಪರಿಗೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತದ ಹೊಲ, ಹಳ್ಳ, ಗುಡ್ಡಗಳನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಸುತ್ತಿದ ಅಧಿಕಾರಿಯೊಬ್ಬರು ಅದೇ ನೆಲದಿಂದ ಆರಿಸಿಕೊಂಡದ್ದು ಸಂತೆಯಲ್ಲಿ ಚಿಕ್ಕಾಸೂ ಬಾಳದ ಕಲ್ಲುಗಳನ್ನು. ಚಿನ್ನವಿರುವ ಬಂಡೆಗಳನ್ನು ಗುರುತಿಸಬಲ್ಲ ಭೂವಿಜ್ಞಾನಿಯೇ ಅವರಾಗಿದ್ದರು ಎಂಬುದು ವಿಶೇಷ. ಭಾರತೀಯ ಪ್ರಾಗಿತಿಹಾಸದ ಜನಕನೆಂದು ಕರೆಯಲಾಗುವ ಆ ವ್ಯಕ್ತಿಯೇ ರಾಬರ್ಟ್ ಬ್ರೂಸ್ ಫೂಟ್.

ಪಲ್ಲಾವರದ ಕೈಕೊಡಲಿ

ಫೂಟ್ ಜನಿಸಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಮರುವರ್ಷವೇ ಯುರೋಪಿನ ವಿದ್ವಲ್ಲೋಕದಲ್ಲಿ ಮಹತ್ವದ ಬದಲಾವಣೆಯೊಂದು ಘಟಿಸಿತು. ಫ್ರಾನ್ಸಿನ ಸೋಮ್ ನದಿ ಕಣಿವೆಯ ಜಲ್ಲಿಪದರಗಳಲ್ಲಿ ದೊರೆತ ಕಲ್ಲಿನ ಆಯುಧಗಳು ಅತಿ ಪ್ರಾಚೀನ ಮಾನವನವು ಎಂಬುದನ್ನು ಬ್ರಿಟಿಷ್ ವಿಜ್ಞಾನಿಗಳು 1859ರಲ್ಲಿ ಒಪ್ಪಿಕೊಂಡರು. ಭಾರತದಲ್ಲಿಯೂ ಅಂತಹ ಮಾನವ ಇದ್ದನೇ ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಉತ್ತರವಿರಲಿಲ್ಲ.

1863ರ ಮೇ 30ರಂದು ಮದ್ರಾಸ್ ಸಮೀಪದ ಪಲ್ಲಾವರದಲ್ಲಿ, ಜಂಬಿಟ್ಟಿಗೆ ಜಲ್ಲಿಯ ಗುಂಡಿಯೊಂದರ ಬಳಿ ಫೂಟ್‌ರ ಕಣ್ಣಿಗೆ ಕಲ್ಲಿನ ಉಪಕರಣವೊಂದು ಬಿದ್ದಿತು. ಮಾನವನ ಕೈಯಿಂದ ಚಕ್ಕೆ ಎಬ್ಬಿಸಿ ರೂಪಿಸಿದ ಕೈಕೊಡಲಿ ಅದಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜತೆಗೂಡಿ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಪತ್ತೆಹಚ್ಚಿದರು. ಆ ನೆಲೆಯ ಅತಿ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು.

ಕನ್ನಡ ನೆಲದಲ್ಲಿ

ಸರ್ವೇಕ್ಷಣೆಯ ಕರ್ತವ್ಯ ಫೂಟ್‌ರನ್ನು ಕನ್ನಡ ಪ್ರದೇಶಕ್ಕೂ ಕರೆತಂದಿತು. ಗದಗ ಪ್ರಾಂತ್ಯದ ಡಂಬಳದ ಗುಡ್ಡಗಳಲ್ಲಿ ಚಿನ್ನವಿರುವ ಶಿಲೆಗಳ ಕುರಿತು ಅವರು 1874ರಲ್ಲಿ ವರದಿ ಪ್ರಕಟಿಸಿದರು. ದಕ್ಷಿಣ ಭಾರತದ ಸ್ವರ್ಣಯುಕ್ತ ಶಿಲಾಶ್ರೇಣಿಗೆ ಧಾರವಾಡದ ಹೆಸರನ್ನು ಇಟ್ಟವರೂ ಅವರೇ. ಗೋಕಾಕ ಸಮೀಪ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು ವಿವರಿಸಿ, ಇಂದಿನ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಅಂತಹ ಪ್ರಾಣಿಗಳು ಮೇಯುತ್ತಿದ್ದವೆಂಬುದನ್ನು ತಿಳಿಯಪಡಿಸಿದರು.

ಸರ್ಕಾರಕ್ಕೆ ಬೇಕಾದದ್ದು ಖನಿಜ. ಅದರ ಶೋಧದ ನಡುವೆಯೇ ಫೂಟ್ ಉಳುಮೆಯಲ್ಲಿ ಮೇಲೆದ್ದ, ಮಳೆಗೆ ತೊಳೆದು ಕಾಣಿಸಿಕೊಂಡ ಕಲ್ಲಿನ ಕೊಡಲಿಗಳನ್ನೂ ಮಡಕೆ ಚೂರುಗಳನ್ನೂ ಸಂಗ್ರಹಿಸುತ್ತಿದ್ದರು. ಬಳ್ಳಾರಿ ಸಮೀಪದ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣದ ಮಹತ್ವವನ್ನು ಅವರು ಮನಗಂಡರು. ಮುರಿದವು, ಅರ್ಧ ಕೆತ್ತಿ ಬಿಟ್ಟವು, ಉಜ್ಜಿ ನಯಗೊಳಿಸಿದವು ಎಲ್ಲವೂ ಅಲ್ಲಿದ್ದುದರಿಂದ ಕೊಡಲಿಯೊಂದು ಸಿದ್ಧವಾಗುವ ಕ್ರಮವನ್ನೇ ತಿಳಿಯುವುದು ಸಾಧ್ಯವಾಯಿತು.

ಬೂದಿದಿಬ್ಬದ ಒಗಟು

ಕುಡತಿನಿ ಮೊದಲಾದೆಡೆ ಇರುವ ಬೂದಿದಿಬ್ಬಗಳು ಬಹುಕಾಲ ಒಗಟಾಗಿದ್ದವು. ಅವು ರಾಕ್ಷಸರನ್ನು ಸುಟ್ಟ ಬೂದಿ ಎಂಬುದು ಜನರ ನಂಬಿಕೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದೇ ಗುರುತಿಸಲಾಗುತ್ತದೆ. ಫೂಟ್ ಮಾತ್ರ ದಿಬ್ಬಗಳ ಸುತ್ತ ದೊರೆತ ಕಲ್ಲಿನ ಆಯುಧಗಳನ್ನು ಗಮನಿಸಿ, ಇವು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟು ಉಂಟಾದವು ಎಂಬ ನಿರ್ಣಯಕ್ಕೆ ಬಂದರು. ಹಲವು ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಕಬ್ಬಿಣ ಕರಗಿಸಿದ ಕುಲುಮೆಗಳ ಅವಶೇಷವೆಂಬ ವಾದವೂ ಬಂದಿತು. 1957ರಲ್ಲಿ ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಕುರುಹುಗಳೂ ದನಗಳ ಗೊರಸಿನ ಗುರುತುಗಳೂ ಬೆಳಕಿಗೆ ಬಂದವು. 1960ರಲ್ಲಿ ಎಫ್.ಇ. ಜಾಯ್ನರ್ ಪ್ರಕಟಿಸಿದ ಪರೀಕ್ಷೆಗಳು ಬೂದಿ ಸಗಣಿಯದೇ ಎಂಬುದನ್ನು ದೃಢಪಡಿಸಿದವು. ಫೂಟ್ ತೀರಿಕೊಂಡು ಅಷ್ಟರಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದಿತ್ತು.

ವಸ್ತುವಿಗಿಂತ ನೆಲೆ ಮುಖ್ಯ

ಫೂಟ್ ಸೇವೆಯಲ್ಲಿದ್ದಾಗಲೇ, 1878ರಲ್ಲಿ ಭಾರತೀಯ ನಿಧಿ ಕಾಯ್ದೆ ಜಾರಿಗೆ ಬಂದಿತು. ನೆಲದಲ್ಲಿ ದೊರೆತ ನಿಧಿಯ ಮೌಲ್ಯ 10 ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕೆಂಬುದು ಅದರ ನಿಯಮ. ರೂಪಾಯಿಯ ಅಳತೆಯಲ್ಲಿ ಕಲ್ಲಿನ ಕೊಡಲಿಗೆ ಸ್ಥಾನವಿರಲಿಲ್ಲ. ಫೂಟ್‌ರ ಅಳತೆ ಬೇರೆಯದಾಗಿತ್ತು. ವಸ್ತು ಯಾವ ಊರಿನದು, ಯಾವ ಗುಡ್ಡ ಅಥವಾ ಹಳ್ಳದ ಬಳಿಯದು, ಯಾವ ಶಿಲೆಯದು ಎಂಬುದನ್ನು ಅವರು ದಾಖಲಿಸಿದರು. ಹೀಗೆ ಅವರು ಗುರುತಿಸಿದ ನೆಲೆಗಳ ಸಂಖ್ಯೆ 400ನ್ನು ಮೀರುತ್ತದೆ. ನಂತರದ ತಲೆಮಾರಿನ ಪುರಾತತ್ತ್ವಜ್ಞರು ಅದೇ ನೆಲೆಗಳಿಗೆ ಮರಳಿ ಹೋಗಿ ಉತ್ಖನನ ನಡೆಸಲು ಸಾಧ್ಯವಾದದ್ದು ಈ ದಾಖಲೆಯಿಂದ.

ಲೋಹಶೋಧಕ ಯಂತ್ರ ಹಿಡಿದು ರಾತ್ರೋರಾತ್ರಿ ಹೊಲ, ಹಾಳು ಗುಡಿಗಳನ್ನು ಅಗೆಯುವ ನಿಧಿಗಳ್ಳರ ಕಾಲದಲ್ಲಿ ಈ ಸಂಗತಿ ಇನ್ನಷ್ಟು ಮುಖ್ಯವಾಗುತ್ತದೆ. ಯಂತ್ರಕ್ಕೆ ಕೇಳಿಸುವುದು ಲೋಹ ಮಾತ್ರ. ಕಲ್ಲು, ಮೂಳೆ, ಮಡಕೆ, ಬೂದಿ ಯಾವುದೂ ಅದಕ್ಕೆ ತಿಳಿಯದು. ಒಂದು ನಾಣ್ಯಕ್ಕಾಗಿ ಗುಂಡಿ ತೋಡಿದಾಗ ಸಾವಿರಾರು ವರ್ಷಗಳ ಮಣ್ಣಿನ ಪದರಗಳು ಕಲಸಿಹೋಗುತ್ತವೆ. ಕದ್ದ ನಾಣ್ಯವನ್ನು ಮರಳಿ ಪಡೆಯಬಹುದು, ಕಲಸಿದ ಪದರವನ್ನು ಮತ್ತೆ ಜೋಡಿಸಲಾಗದು.

ಕೊನೆಯ ದಿನಗಳು

1891ರಲ್ಲಿ ನಿವೃತ್ತರಾದ ಬಳಿಕ ಫೂಟ್ ಬರೋಡಾ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಆರಂಭಕ್ಕೂ ಅವರ ಅನುಭವ ಒದಗಿತು. ಅನಂತರ ಶೆವರಾಯ್ ಬೆಟ್ಟಗಳ ಯೇರ್ಕಾಡಿನಲ್ಲಿ ನೆಲೆಸಿದರು. ನಯಗೊಳಿಸಿದ ಶಿಲಾಯುಗದ ಕೊಡಲಿಗಳು ಅಲ್ಲಿನ ಗುಡಿಗಳಲ್ಲಿ ಪೂಜೆಗೊಳ್ಳುತ್ತಿದ್ದವು.

ಜೀವಮಾನದ ಸಂಗ್ರಹ 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಫೂಟ್ ಕಲ್ಕತ್ತೆಯಲ್ಲಿ ನಿಧನ ಹೊಂದಿದರು. ಅವರ ವಿವರವಾದ ಸೂಚಿಯ ಎರಡು ಸಂಪುಟಗಳು ಅಚ್ಚಾಗಿ ಹೊರಬಂದದ್ದು ಮರಣಾನಂತರ, 1914 ಮತ್ತು 1916ರಲ್ಲಿ. ಬಳ್ಳಾರಿಯ ಹೊಲ, ಬೆಟ್ಟಗಳಿಂದ ಹೋದ ಕಲ್ಲುಗಳೊಂದಿಗೆ ಅವು ದೊರೆತ ಊರುಗಳ ಹೆಸರೂ ಆ ಪುಟಗಳಲ್ಲಿ ಉಳಿದಿದೆ.