ದೇಸಾಯರ ಆಸ್ತಿಗೆ ನಾವೇ ವಾರಸುದಾರರು

ಗುಂಜಿಯಲ್ಲಿ ರೈಲು ಹತ್ತಿ ಬೆಳಗಾವಿಗೆ ಓದಲು ಹೋಗುವ ನಮ್ಮಂಥವರಿಗೆ ಲಿಂಗರಾಜ ಅಂದರೆ ಕಾಲೇಜು ರಸ್ತೆಯ ಒಂದು ಕಾಲೇಜು, ಅಷ್ಟೇ. ಆ ಹೆಸರಿನ ಹಿಂದೆ ಒಬ್ಬ ದೇಸಾಯಿ ಇದ್ದಾರೆ. ನಾನೂ ವಿದ್ಯಾರ್ಥಿವೇತನದ ಮೇಲೆಯೇ ಡಿಗ್ರಿ ಮುಗಿಸಿದವನು. ಹಾಗಾಗಿ ಅವರ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ.

ಶಿರಸಂಗಿ ಲಿಂಗರಾಜ ದೇಸಾಯಿ ಹುಟ್ಟಿದ್ದು 1861ರಲ್ಲಿ. ಶಿರಸಂಗಿ ಸವದತ್ತಿ ಸೀಮೆಯ ಊರು. ದೇಸಾಯಿ ಅಂದರೆ ತಲೆತಲಾಂತರದಿಂದ ಸೀಮೆಯ ಕಂದಾಯ ವಸೂಲಿ ನೋಡಿಕೊಂಡ ಮನೆತನ. ಬ್ರಿಟಿಷರ ಕಾಲಕ್ಕೆ ಹಳೆಯ ಅಧಿಕಾರ ಸವೆದಿತ್ತು, ಜಮೀನು ಮತ್ತು ಗತ್ತು ಉಳಿದಿತ್ತು. ಲಿಂಗರಾಜರು ಮಾತ್ರ ಆ ವಾಡೆಯಲ್ಲಿ ಹುಟ್ಟಿದವರಲ್ಲ. ವಾರಸುದಾರರಿಲ್ಲದ ಮನೆಗೆ ಹುಡುಗನಾಗಿದ್ದಾಗಲೇ ದತ್ತು ಬಂದವರು.

ದೊಡ್ಡವರಾದ ಮೇಲೆ ಅವರು ಸಾರ್ವಜನಿಕ ಕೆಲಸಕ್ಕೆ ಇಳಿದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಧಾರವಾಡದಲ್ಲಿ ಸೇರಿಸಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಒಕ್ಕಲುತನದ ಮನೆಗಳ ಮಕ್ಕಳು ಇಂಗ್ಲಿಷ್ ಕಲಿಯದೆ ಸರ್ಕಾರಿ ನೌಕರಿಯಿಂದ ಹೊರಗುಳಿದ ಕಾಲ ಅದು. ಓದಬೇಕೆಂದರೂ ಬೆಳಗಾವಿಯಲ್ಲಿ ಕಾಲೇಜಿಲ್ಲ, ಧಾರವಾಡದಲ್ಲೂ ಇಲ್ಲ. ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಡಿಗ್ರಿ ಬೇಕೆಂದವರು ಪುಣೆ, ಮುಂಬಯಿಗೆ ಹೋಗಬೇಕು. ಅಲ್ಲಿ ಖೋಲಿ ಬಾಡಿಗೆ, ಊಟ, ಫೀಸು! ಜೋಳ ಮಾರಿ ಎಷ್ಟು ಮಂದಿ ಕಳಿಸಿಯಾರು?

ಲಿಂಗರಾಜರಿಗೆ ಗಂಡುಮಕ್ಕಳಿರಲಿಲ್ಲ. ಅಂಥ ಮನೆಗಳಲ್ಲಿ ಆಗ ನಡೆಯುತ್ತಿದ್ದದ್ದು ಒಂದೇ: ಮತ್ತೊಬ್ಬ ಹುಡುಗನನ್ನು ದತ್ತು ತರುವುದು. ತಾವೇ ಹಾಗೆ ಬಂದವರಲ್ಲವೇ? ಅವರು ಆ ದಾರಿ ಹಿಡಿಯಲಿಲ್ಲ. ಮೃತ್ಯುಪತ್ರ ಬರೆದು ಆಸ್ತಿಯನ್ನು ಲಿಂಗಾಯತ ವಿದ್ಯಾರ್ಥಿಗಳ ಓದಿಗೆ ಬಿಟ್ಟರು. ಅದೇ ನವಲಗುಂದ-ಶಿರಸಂಗಿ ಟ್ರಸ್ಟ್. 1906ರಲ್ಲಿ ತೀರಿಕೊಂಡಾಗ ಅವರ ವಯಸ್ಸು ಬರೀ 45. ಜನ ಅವರನ್ನು ತ್ಯಾಗವೀರ ಎಂದು ಕರೆದರು.

ಒಂದೇ ಸಮಾಜಕ್ಕೆ ಯಾಕೆ ಎಂದು ಇಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಆದರೆ ನನಗೆ ಬೇರೊಂದು ಲೆಕ್ಕ ಕಾಣುತ್ತದೆ. ವಾಡೆಗೆ ಹೋದ ದುಡ್ಡು ಮೊದಲಿಗೆ ಬಂದದ್ದು ರೈತರ ಹೊಲದಿಂದ. ದೇಸಾಯರು ಅದನ್ನು ಫೀಸಿನ ರೂಪದಲ್ಲಿ ರೈತರ ಮಕ್ಕಳಿಗೇ ತಿರುಗಿ ಕೊಟ್ಟರು. ಇದನ್ನು ದಾನ ಅನ್ನಬೇಕೋ, ಋಣ ತೀರಿಸಿದ್ದು ಅನ್ನಬೇಕೋ?

1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜು ಲಿಂಗರಾಜರ ಹೆಸರು ಹೊತ್ತಿದೆ. ಖಾನಾಪುರ ಕಡೆಯ ಹುಡುಗರಿಗೆ ಡಿಗ್ರಿ ಅಂದರೆ ಪುಣೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು.