ಸಾಲವನ್ನೂ ಸಂಖ್ಯೆ ಎಂದು ಕಲಿಸಿದ ಮಹಾವೀರಾಚಾರ್ಯರು

ಸ್ವಾಭಾವಿಕ ಸಂಖ್ಯೆ, ಪೂರ್ಣಾಂಕ, ಭಿನ್ನರಾಶಿ, ವಾಸ್ತವ ಸಂಖ್ಯೆ ಎಂದು ಹೈಸ್ಕೂಲಿನಲ್ಲಿ ಕಲಿತದ್ದನ್ನು ಕಾಮರ್ಸ್ ಸೇರಿದ ಮೇಲೆ ನಮ್ಮಲ್ಲಿ ಬಹಳ ಮಂದಿ ಮರೆತುಬಿಡುತ್ತೇವೆ. ಆದರೆ ನಮ್ಮ ಕರ್ನಾಟಕದಲ್ಲೇ ಸಾವಿರದ ನೂರು ವರ್ಷಗಳ ಹಿಂದೆ ಒಬ್ಬರು ಇವುಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅವರೇ ಮಹಾವೀರಾಚಾರ್ಯರು.

ಅವರು ಜೈನ ವಿದ್ವಾಂಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಆಗಿನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕ್ರಿ.ಶ. 850ರ ಸುಮಾರಿಗೆ ಅವರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದಕ್ಕೆ ಮುಂಚೆ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥದ ಒಳಗಿನ ಅಧ್ಯಾಯವಾಗಿ ಬರೆದಿದ್ದರು. ಇವರು ಗಣಿತಕ್ಕೇ ಪೂರ್ತಿ ಗ್ರಂಥ ಮೀಸಲಿಟ್ಟರು. ವ್ಯಾಪಾರ, ಅಡುಗೆ, ಸಂಗೀತ, ವೈದ್ಯ ಎಲ್ಲಕ್ಕೂ ಲೆಕ್ಕ ಬೇಕು ಎಂದು ಆರಂಭದಲ್ಲೇ ಹೇಳಿದರು.

ಒಂದರಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. 1 ಅನ್ನು ಭಿನ್ನರಾಶಿಗಳಾಗಿ ಒಡೆಯುವ ನಿಯಮವನ್ನೂ ಕೊಟ್ಟರು. ಅದರಂತೆ 1/2, 1/3, 1/9, 1/18 ಕೂಡಿಸಿದರೆ ಸರಿಯಾಗಿ 1 ಬರುತ್ತದೆ. ಮಾಡಿ ನೋಡಿ.

ನನಗೆ ಹೆಚ್ಚು ಹಿಡಿಸಿದ್ದು ಧನ ಮತ್ತು ಋಣ ಸಂಖ್ಯೆಗಳ ಭಾಗ. ಧನ ಎಂದರೆ ಹಣ, ಋಣ ಎಂದರೆ ಸಾಲ. ಎರಡೂ ವ್ಯಾಪಾರದ ಪದಗಳೇ! ಶಿಡ್ಲಘಟ್ಟದಲ್ಲಿ ನಮ್ಮ ಅಬ್ಬಾ ರೇಷ್ಮೆಗೂಡು ಕೊಂಡು ನೂಲು ತೆಗೆಸುತ್ತಾರೆ. ಗೂಡಿಗೆ ಹಣ ಮೊದಲು ಕೊಡಬೇಕು, ನೂಲಿನ ಹಣ ಬರುವುದು ಆಮೇಲೆ. ಕೈಯಲ್ಲಿ 12,000 ಇದ್ದು ಸಾಲ 15,000 ಇದ್ದರೆ ನಮ್ಮ ಹತ್ತಿರ ಇರುವುದು −3,000. ಅದನ್ನು ನೋಟಿನಲ್ಲಿ ಎಣಿಸಲು ಆಗುವುದಿಲ್ಲ. ಆದರೂ ನನ್ನ ಕಾಲೇಜು ಫೀಸು ಯಾವಾಗ ಕಟ್ಟಬೇಕೆಂದು ತೀರ್ಮಾನಿಸುವುದು ಅದೇ ಸಂಖ್ಯೆ.

3×3 = 9, (−3)×(−3) ಕೂಡ 9. ಹಾಗಾದರೆ −9ರ ವರ್ಗಮೂಲ ಎಷ್ಟು? ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಬರೆದರು. ವಾಸ್ತವ ಸಂಖ್ಯೆಗಳಲ್ಲಿ ಈ ಮಾತು ಇಂದಿಗೂ ನಿಜ. ಸುಮಾರು 700 ವರ್ಷಗಳ ನಂತರ ಇಟಲಿಯ ಗಣಿತಜ್ಞರು ಅಂಥ ವರ್ಗಮೂಲಗಳಿಂದಲೂ ಲೆಕ್ಕ ಮಾಡತೊಡಗಿದರು. ಅವೇ ಕಾಲ್ಪನಿಕ ಸಂಖ್ಯೆಗಳು.

ಅವರ ಎಲ್ಲ ಮಾತೂ ನಿಲ್ಲಲಿಲ್ಲ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದಿದ್ದರು. ಶೂನ್ಯದಿಂದ ಭಾಗಿಸಲು ಬರುವುದೇ ಇಲ್ಲ ಎಂದು ನಾವು ಓದುತ್ತೇವೆ.

ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಭಾರತದ ಅಂಕಿಗಳ ಬಗ್ಗೆ ಅರಬ್ಬಿಯಲ್ಲಿ ಬರೆದರು. ಇಲ್ಲಿನ ಶೂನ್ಯ ಅರಬ್ಬಿಯಲ್ಲಿ ‘ಸಿಫ್ರ್’ ಆಯಿತು. ನಮ್ಮ ಮನೆಯ ಉರ್ದುವಿನಲ್ಲಿ ಇಂದಿಗೂ ಸೊನ್ನೆಗೆ ಸಿಫರ್ ಎನ್ನುತ್ತೇವೆ. ಗಣಿತಸಾರಸಂಗ್ರಹವೂ ಮುಂದೆ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು.

ಕಾಮರ್ಸ್‌ನವರಿಗೆ ಗಣಿತ ಯಾಕೆ ಎಂದು ಕೇಳುವ ಗೆಳೆಯರೇ, ಧನ, ಋಣ ಎಂಬ ಪದಗಳು ಬಂದದ್ದೇ ನಮ್ಮ ಲೆಕ್ಕದ ಪುಸ್ತಕದಿಂದ. ಅವು ನಮ್ಮವೇ ಎಂದುಕೊಂಡು ಧೈರ್ಯವಾಗಿ ಓದೋಣ.