ಮೊಬೈಲ್ ಆಫ್ ಮಾಡಬೇಕಿಲ್ಲ: ವಿಶ್ವಕಿರಣ ಎಣಿಸಿದ ವಿಕ್ರಮ್ ಸಾರಾಭಾಯಿ

ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ನಾಸಾ ಹೇಳಿದೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹಲವು ವರ್ಷಗಳಿಂದ ಸುತ್ತುತ್ತಿರುವ ಈ ಸಂದೇಶ ಸುಳ್ಳು.

ಕಾಸ್ಮಿಕ್ ಕಿರಣ, ಅಂದರೆ ವಿಶ್ವಕಿರಣ, ಯಾವುದೋ ಒಂದು ರಾತ್ರಿ ಬಂದು ಹೋಗುವ ಅತಿಥಿಯಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಇರಲಿ, ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಯ ಹೆಂಚಿನ ಮನೆ ಇರಲಿ, ಇವುಗಳಿಂದ ಹುಟ್ಟಿದ ಕಣಗಳು ಹಗಲೂ ರಾತ್ರಿ ಚಾವಣಿ ದಾಟಿ ಬರುತ್ತವೆ. ನಿಮ್ಮ ಅಂಗೈಯನ್ನು ಸೆಕೆಂಡಿಗೆ ಸುಮಾರು ಒಂದು ಕಣ ಹಾದುಹೋಗುತ್ತದೆ. ಮೊಬೈಲ್ ಆನ್ ಇದ್ದರೂ ಆಫ್ ಇದ್ದರೂ ಅಷ್ಟೇ.

ಈ ಕಣಗಳನ್ನು ಬೆಂಗಳೂರಿನಲ್ಲಿ ಕುಳಿತು ಎಣಿಸಿದ ಒಬ್ಬ ಯುವಕನನ್ನು ನಾವು ಇಂದು ರಾಕೆಟ್‌ಗಳ ಕಾರಣಕ್ಕೆ ನೆನೆಯುತ್ತೇವೆ. ಅವರೇ ವಿಕ್ರಮ್ ಸಾರಾಭಾಯಿ.

ಯುದ್ಧ ತಂದ ದಾರಿ

ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಶ್ರೀಮಂತ ಗಿರಣಿ ಮಾಲೀಕರ ಮನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. 1940ರಲ್ಲಿ ಪದವಿ ಮುಗಿಸಿ ಭಾರತಕ್ಕೆ ಮರಳಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಸಂಶೋಧನೆಗೆ ಸೇರಿದರು. ಹೋಮಿ ಭಾಭಾ ಕೂಡ ಆಗ ಅಲ್ಲೇ ಇದ್ದರು.

ಸಾರಾಭಾಯಿ ಗೈಗರ್ ಕೌಂಟರ್‌ಗಳನ್ನು ಜೋಡಿಸಿ ವಿಶ್ವಕಿರಣಗಳ ಲೆಕ್ಕ ಇಡತೊಡಗಿದರು. 1942ರಲ್ಲಿ ಮೊದಲ ಪ್ರಬಂಧ ಪ್ರಕಟವಾಯಿತು. ಮರುವರ್ಷ ಎತ್ತರದ ಜಾಗದಲ್ಲಿ ಅಳೆಯಲು ಕಾಶ್ಮೀರದ ಬೆಟ್ಟ ಹತ್ತಿದರು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಹಿಂತಿರುಗಿ 1947ರಲ್ಲಿ ಡಾಕ್ಟರೇಟ್ ಪಡೆದರು.

ಎಣಿಕೆಯಲ್ಲಿ ಸೂರ್ಯನ ಸುಳಿವು

ಕಣ ಎಣಿಸಿ ಏನು ಸಿಕ್ಕಿತು? ವಿಶ್ವಕಿರಣಗಳಲ್ಲಿ ಹೆಚ್ಚಿನವು ಬರುವುದು ಸೌರಮಂಡಲದ ಆಚೆಯಿಂದ. ಆದರೆ ದಾರಿಯಲ್ಲಿ ಅವು ಸೂರ್ಯನ ಕಾಂತಕ್ಷೇತ್ರವನ್ನು ದಾಟಬೇಕು. ಸೂರ್ಯನ ಚಟುವಟಿಕೆ ಜೋರಾದಾಗ ನಮ್ಮನ್ನು ತಲುಪುವ ಕಣಗಳು ಕಡಿಮೆಯಾಗುತ್ತವೆ. ಸೂರ್ಯ ಉಗುಳಿದ ದೊಡ್ಡದೊಂದು ಅನಿಲದ ಮೋಡ ಭೂಮಿಯನ್ನು ಹಾದುಹೋದರಂತೂ ಎಣಿಕೆ ಥಟ್ಟನೆ ಕುಸಿಯುತ್ತದೆ. ಅಂದರೆ ವಾಟ್ಸಾಪ್ ಸಂದೇಶ ಹೆದರಿಸುವುದಕ್ಕೆ ತದ್ವಿರುದ್ಧ! ಉಪಗ್ರಹಗಳೇ ಇಲ್ಲದ ಕಾಲದಲ್ಲಿ, ಈ ಏರಿಳಿತವನ್ನು ಓದಿ ಸೂರ್ಯ ಮತ್ತು ಭೂಮಿಯ ನಡುವೆ ಏನು ನಡೆಯುತ್ತಿದೆ ಎಂದು ಊಹಿಸಬಹುದು ಎಂಬುದನ್ನು ಸಾರಾಭಾಯಿ ಗಟ್ಟಿಯಾಗಿ ಹಿಡಿದರು. ಇಂದು ಇದನ್ನೇ ಬಾಹ್ಯಾಕಾಶ ಹವಾಮಾನ ಎನ್ನುತ್ತೇವೆ.

ಇದೇ ಕೆಲಸಕ್ಕೆಂದು 1947ರ ನವೆಂಬರ್‌ನಲ್ಲಿ ಅವರು ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ತುಂಬಾವನ್ನೇ ಆರಿಸಲು ಕಾರಣ, ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಹತ್ತಿರ ಹಾದುಹೋಗುವುದು. ಅಲ್ಲಿ ಮೇಲಿನ ವಾತಾವರಣದಲ್ಲಿ ಹರಿಯುವ ಪ್ರಬಲ ವಿದ್ಯುತ್ ಪ್ರವಾಹವನ್ನು ಅಧ್ಯಯನ ಮಾಡಬಹುದಿತ್ತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಆದರೆ ದೇಶದ ಮೊದಲ ಉಪಗ್ರಹವನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ವಯಸ್ಸು ಬರೀ 52.

ಶಿಷ್ಯ ಮುಂದುವರಿಸಿದ್ದು

ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್, ಸಾರಾಭಾಯಿ ಮಾರ್ಗದರ್ಶನದಲ್ಲೇ ವಿಶ್ವಕಿರಣಗಳ ಮೇಲೆ ಡಾಕ್ಟರೇಟ್ ಪಡೆದವರು. ನಂತರ ಅಮೆರಿಕದಲ್ಲಿ ಮ್ಯಾರಿನರ್ 2 ನೌಕೆಯ ಮಾಹಿತಿ ಬಳಸಿ, ಸೂರ್ಯನಿಂದ ಕಣಗಳ ಮಾರುತ ಎಡೆಬಿಡದೆ ಬೀಸುತ್ತದೆ ಎಂಬುದನ್ನು ಸಾಬೀತುಪಡಿಸಲು ನೆರವಾದರು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ್ದು ಅವರದೇ ತಂಡ. ಸೂರ್ಯನಿಂದ ಬರುವ ನ್ಯೂಟ್ರಾನ್‌ಗಳನ್ನು ಹುಡುಕುವ ಉಪಕರಣವೂ ಅದರಲ್ಲಿತ್ತು.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಈಗ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ಸೂರ್ಯನ ದಿಕ್ಕಿನಲ್ಲಿ ನಿಂತು ಕಾವಲು ಕಾಯುತ್ತಿದೆ. ಅದರಲ್ಲಿ ಸೌರ ಮಾರುತದ ಕಣಗಳನ್ನು ಅಳೆಯುವ ಆಸ್ಪೆಕ್ಸ್ ಎಂಬ ಉಪಕರಣ ತಯಾರಾದದ್ದು ಸಾರಾಭಾಯಿ ಕಟ್ಟಿದ ಅದೇ ಪ್ರಯೋಗಾಲಯದಲ್ಲಿ.

ಹಾಗಾದರೆ ಹೆದರಬೇಕಾದದ್ದು ಏನೂ ಇಲ್ಲವೇ?

ಇದೆ, ಆದರೆ ಮೊಬೈಲಿನ ಪಕ್ಕ ಮಲಗುವುದಕ್ಕೆ ಅಲ್ಲ. 1989ರ ಮಾರ್ಚ್‌ನಲ್ಲಿ ಸೌರ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆ ಕರೆಂಟ್ ಹೋಗಿತ್ತು. ಉಪಗ್ರಹಗಳು ಕೆಡಬಹುದು, ಜಿಪಿಎಸ್ ತಪ್ಪು ತೋರಿಸಬಹುದು. ಎಲ್1ನಲ್ಲಿರುವ ನೌಕೆಗಳು ಇಂಥ ಬಿರುಗಾಳಿ ನಮ್ಮನ್ನು ಮುಟ್ಟುವ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಅದನ್ನು ಅಳೆಯುತ್ತವೆ. ಸೂರ್ಯನ ಚಿತ್ರಗಳನ್ನು ನೋಡಿ ಒಂದೆರಡು ದಿನ ಮುಂಚೆಯೂ ಅಂದಾಜು ಮಾಡಬಹುದು. ಆ ಎಚ್ಚರಿಕೆ ಬೇಕಾಗಿರುವುದು ವಿದ್ಯುತ್ ಜಾಲ ಮತ್ತು ಉಪಗ್ರಹಗಳನ್ನು ನೋಡಿಕೊಳ್ಳುವವರಿಗೆ. ಮುಂದಿನ ಸಲ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ, ನಿಶ್ಚಿಂತೆಯಿಂದ ಮಲಗಿ.